ಈ ಬ್ಯಾಗು ಯಾರದು?

ನಾನು ವಿಮಾನ ಹತ್ತಲು ಹೊರಟೆನೆಂದರೆ ಒಂದಿಲ್ಲೊಂದು ಭಾನಗಡಿ ಆಗಿಯೇ ತೀರುತ್ತದೆ. ವಿಮಾನ ಇದುವರೆಗೆ ಒಂದು ಸಲವೂ ಕೈಕೊಟ್ಟಿಲ್ಲ. ಕೈಕೊಡುವುದೆಲ್ಲ ನನ್ನ ಬ್ಯಾಗು.

ನನ್ನ ಕೆಲಸ ಹತ್ತಿ ಜಿನ್ನಿಂಗ್ ಮಿಲ್ಲಿನ ಮಶೀನು ರಿಪೇರಿ. ನರಗುಂದದ ಒಂದು ಮಿಲ್ಲಿನಲ್ಲಿ ಫಿಟ್ಟರ್ ಆಗಿ ಶುರು ಮಾಡಿದವನು ಈಗ ನಾಲ್ಕು ರಾಜ್ಯ ತಿರುಗುತ್ತೇನೆ. ಎಲ್ಲಿಯಾದರೂ ಮಶೀನು ನಿಂತರೆ ಕಂಪನಿಯವರು ಫೋನು ಮಾಡುತ್ತಾರೆ, ಹುಬ್ಬಳ್ಳಿಯಿಂದ ಟಿಕೆಟ್ ತೆಗೆಸುತ್ತಾರೆ. ಪಾನಾ, ಸುತ್ತಿಗೆ ಎಲ್ಲ ಆಯಾ ಮಿಲ್ಲಿನಲ್ಲೇ ಇರುತ್ತವೆ. ಹಾಗಾಗಿ ಟಿಕೆಟ್ಟು ಯಾವಾಗಲೂ ಅಗ್ಗದ್ದು. ಕೈಯಲ್ಲಿ ಹಿಡಿದು ಒಳಗೆ ಒಯ್ಯುವ ಏಳು ಕಿಲೋದ ಬ್ಯಾಗು ಒಂದೇ ನನ್ನ ಸಂಸಾರ.

ಮನೆ ರೋಣದಲ್ಲಿ. ಮಕ್ಕಳಿಲ್ಲ. ಹೆಂಡತಿ ತೀರಿಕೊಂಡು ಮೂರು ವರ್ಷ. ಅವಳಿದ್ದಾಗ ಬ್ಯಾಗು ಅವಳೇ ತುಂಬುತ್ತಿದ್ದಳು, ತುಂಬುತ್ತ ತುಂಬುತ್ತ ಬೈಯುತ್ತಿದ್ದಳು. ಈಗ ತುಂಬುವವನು ನಾನು, ಬೈಯುವವರು ವಿಮಾನ ನಿಲ್ದಾಣದವರು. ಖರೇ ಹೇಳಬೇಕೆಂದರೆ, ಅಡುಗೆ ಮಾಡಿಕೊಳ್ಳುವುದಾಗಲಿ ಅರಿವೆ ಒಗೆಯುವುದಾಗಲಿ ನನಗೆ ತ್ರಾಸಲ್ಲ. ತ್ರಾಸು ಇರುವುದು ಮಾತಿನದು. ಕೆಲವು ದಿನ ಬಾಯಿಂದ ಒಂದು ಶಬ್ದ ಹೊರಡದೆ ಹೊತ್ತು ಮುಳುಗುತ್ತದೆ. ಯಾರಾದರೂ ನನ್ನನ್ನು ಏನಾದರೂ ಕೇಳಲಿ, ಅದಕ್ಕೆ ನಾನು ಉತ್ತರ ಹೇಳಲಿ, ಇಷ್ಟೇ ಆಸೆ. ಈ ಆಸೆ ನನ್ನನ್ನು ಎಲ್ಲಿಗೆ ಮುಟ್ಟಿಸಿತು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಪೇಸ್ಟಿನ ಟ್ಯೂಬು

ಒಬ್ಬನೇ ಬ್ಯಾಗು ತುಂಬಿಕೊಂಡು ಹೋದ ಮೊದಲ ಸಲ. ಬ್ಯಾಗು ಎಕ್ಸರೇ ಮಶೀನಿನೊಳಗೆ ಹೋಯಿತು, ಎಲ್ಲರ ಬ್ಯಾಗು ಈ ಕಡೆ ಬಂದವು, ನನ್ನದೊಂದು ಆ ಕಡೆ ಸರಿಯಿತು.

"ಈ ಬ್ಯಾಗು ಯಾರದು?" ಎಂದ ಕಾವಲಿನ ಜವಾನ. ಅವನದು ಹಿಂದಿ, ನನ್ನದು ಮಿಲ್ಲಿನಲ್ಲಿ ಕಲಿತ ಹಿಂದಿ. ಅವನ ಮಾತನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ಒಳಗಿನಿಂದ ಪೇಸ್ಟಿನ ದೊಡ್ಡ ಟ್ಯೂಬು ತೆಗೆದ. ನಮ್ಮ ಓಣಿಯ ಅಂಗಡಿಯವನು ಹೆಂಡತಿ ಒಯ್ಯುತ್ತಿದ್ದ ಅಳತೆಯದನ್ನೇ ಈಗಲೂ ಕೊಡುತ್ತಾನೆ, ನಾನೂ ಬೇಡ ಅನ್ನುವುದಿಲ್ಲ. ಇಬ್ಬರಿಗೆ ಎರಡು ತಿಂಗಳು ಬರುತ್ತಿದ್ದದ್ದು ಒಬ್ಬನಿಗೆ ಮುಗಿಯುವುದೇ ಇಲ್ಲ. ಆದರೆ ಅವತ್ತಿನ ಟ್ಯೂಬು ಮುಗಿಯಲು ಬಂದಿತ್ತು. ಬುಡದಿಂದ ಸುರುಳಿ ಸುತ್ತಿ ಸುತ್ತಿ ಕುತ್ತಿಗೆಗೆ ತಂದಿಟ್ಟಿದ್ದೆ.

"ನೂರು ಎಂ.ಎಲ್. ಮೇಲಿನದು ಬಿಡುವುದಿಲ್ಲ."

"ಸಾಹೇಬ್ರ, ಇದರಾಗ ಎರಡ ಸಲ ತಿಕ್ಕೂವಷ್ಟ ಐತ್ರಿ."

"ಟ್ಯೂಬಿನ ಮೇಲೆ ಇನ್ನೂರು ಅಂತ ಬರೆದಿದೆ."

"ಬರದದ್ದ ಯಾಕ ನೋಡ್ತೀರಿ, ಹೊಟ್ಟಿ ನೋಡ್ರಿ ಅದರದು!"

ಅವನು ಹೊಟ್ಟೆ ನೋಡಲಿಲ್ಲ. ಒಳಗೆ ಎಷ್ಟಿದೆ ಅನ್ನುವುದು ಲೆಕ್ಕಕ್ಕಿಲ್ಲವಂತೆ, ಎಷ್ಟು ಹಿಡಿಸುತ್ತದೆ ಅನ್ನುವುದೇ ಲೆಕ್ಕವಂತೆ. ಪಕ್ಕದ ದೊಡ್ಡ ಡಬ್ಬಿಗೆ ಟ್ಯೂಬು ಬಿತ್ತು. ನಾನು ಬಿಡಬೇಕಲ್ಲ? "ಹಂಗಾದ್ರ ಒಂದ ಸಲ ತಿಕ್ಕಿ ಬಂದ ಕೊಡ್ತೇನ್ರಿ" ಎಂದೆ. ಜವಾನ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಬೆಳಿಗ್ಗೆ ಹಲ್ಲುಜ್ಜದೇ ಬಂದಿದ್ದೀರಾ?" ಎಂದ. ಹೆಂಡತಿ ಹೋದ ಮೂರು ತಿಂಗಳಲ್ಲಿ ಮೊದಲ ಸಲ ಒಬ್ಬ ಮನುಷ್ಯ ನನ್ನ ಹಲ್ಲಿನ ಬಗ್ಗೆ ವಿಚಾರಿಸಿದ್ದ. ಇನ್ನೂ ಸ್ವಲ್ಪ ವಿಚಾರಿಸಲಿ ಎಂದು "ಇಲ್ಲ" ಎಂದುಬಿಟ್ಟೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಆಯಿಯ ಮೊಸರು

ಎದುರು ಮನೆಯಲ್ಲಿ ಒಬ್ಬ ವಯಸ್ಸಾದ ಆಯಿ ಇದ್ದಾಳೆ. ಊರಿಗೆ ಹೊರಟವರನ್ನು ಬುತ್ತಿ ಕಟ್ಟದೆ ಕಳಿಸಿದರೆ ತನ್ನ ಮಾನ ಹೋಯಿತೆಂದು ತಿಳಿದವಳು. ಒಂದು ಸಲ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಸ್ಟೀಲ್ ಡಬ್ಬಿ ಎಮ್ಮೆಯ ಮೊಸರು ಕೊಟ್ಟು ಕಿವಿಮಾತು ಹೇಳಿದಳು: "ತಮ್ಮಾ, ಬುತ್ತಿ ಬಿಚ್ಚಿದ ಮ್ಯಾಲ ಬಾಜೂದವ್ರಿಗೆ ಕೊಟ್ಟ ಉಣ್ಣಬೇಕ ನೋಡ. ಒಬ್ಬಾವ್ನ ಕುಂತ ಉಂಡ್ರ ಮೈಗೆ ಹತ್ತೂದಿಲ್ಲ."

ಮನೆಯಲ್ಲಿ ಮೂರು ಹೊತ್ತೂ ಒಬ್ಬನೇ ಉಣ್ಣುವವನಿಗೆ ಈ ಮಾತು. ಹೂಂ ಎಂದು ಬ್ಯಾಗಿಗೆ ಹಾಕಿಕೊಂಡೆ.

ನಿಲ್ದಾಣದಲ್ಲಿ ಜವಾನ ಡಬ್ಬಿ ಮುಚ್ಚಳ ತೆಗೆದು, "ಮೊಸರು ನೀರಿನ ಪದಾರ್ಥ, ಒಯ್ಯುವಂತಿಲ್ಲ" ಎಂದ. ನನಗೆ ನಖಶಿಖಾಂತ ಸಿಟ್ಟು ಬಂತು. ಪೇಸ್ಟು ಕಂಪನಿಯದು, ಏನು ಬೇಕಾದರೂ ಅನ್ನಲಿ. ನಮ್ಮ ಕಡೆಯ ಎಮ್ಮೆಯ ಮೊಸರಿಗೆ ನೀರು ಅನ್ನುವುದೆ?

"ನೀರಂದ್ರಿ? ಇದಕ ನೀರಂದ್ರಿ?" ಎಂದು ಡಬ್ಬಿಯನ್ನು ಅವನ ಎದುರಿಗೇ ಬೋರಲು ಹಿಡಿದೆ. ಸಾಲಿನಲ್ಲಿದ್ದವರೆಲ್ಲ ಉಸಿರು ಬಿಗಿ ಹಿಡಿದರು. ಒಂದು ಹನಿ ಬೀಳಲಿಲ್ಲ. ಜವಾನ ಬಗ್ಗಿ ಕೆಳಗಿನಿಂದ ಇಣುಕಿದ. ಆಮೇಲೆ ತನ್ನ ಮೇಲಿನವರನ್ನು ಕರೆದ. ಅವರೂ ಬಗ್ಗಿ ಇಣುಕಿದರು. ಇಂಥ ಮೊಸರನ್ನು ತಾವು ಕಂಡಿಲ್ಲವೆಂದು ಒಪ್ಪಿಕೊಂಡರು, ಆದರೆ ಕಾಯ್ದೆಯಲ್ಲಿ ಎಮ್ಮೆಯ ವಿಚಾರ ಬರೆದಿಲ್ಲವೆಂದು ಹೇಳಿದರು.

ಎಸೆಯಲು ಮನಸ್ಸಾಗಲಿಲ್ಲ. ಅಲ್ಲೇ ಮೂಲೆಯ ಕುರ್ಚಿಯಲ್ಲಿ ಕೂತು ರೊಟ್ಟಿ ಬಿಚ್ಚಿದೆ. ಇಬ್ಬರಿಗೂ ಕೊಡಹೋದೆ. ಡ್ಯೂಟಿಯಲ್ಲಿ ತಿನ್ನುವಂತಿಲ್ಲ ಎಂದರು. ಆದರೆ ನಾನು ಉಂಡು ಮುಗಿಸುವವರೆಗೆ ಒಬ್ಬ ಜವಾನ ಪಕ್ಕದಲ್ಲೇ ನಿಂತಿದ್ದ, ಉಳಿದದ್ದನ್ನು ನಾನು ಒಳಗೆ ಸಾಗಿಸಬಾರದಲ್ಲ.

ತಿರುಗಿ ಬಂದಾಗ ಆಯಿ ಕೇಳಿದಳು: "ಮೊಸರ ಯಾರ್ ಕೂಡ ಉಂಡ್ಯೋ?"

"ಪೊಲೀಸರ ಮುಂದ ಕುಂತ ಉಂಡ್ನಿ."

ಆಯಿ ಗಾಬರಿಯಾಗಲಿಲ್ಲ. "ಇರ್ಲಿ ಬಿಡ, ಒಬ್ಬಾವ್ನ ಅಂತೂ ಉಣ್ಣಲಿಲ್ಲಲ್ಲ" ಎಂದು ಡಬ್ಬಿ ಇಸಿದುಕೊಂಡಳು.

ಕೆಮ್ಮಿನ ಔಷಧಿ

ಇಷ್ಟೆಲ್ಲ ಆದ ಮೇಲೆ ಸಣ್ಣ ಬಾಟಲಿಗಳೇ ಪಾಡು ಅನ್ನಿಸಿತು. ಮನೆಯಲ್ಲಿ ಕೆಮ್ಮಿನ ಔಷಧಿಯ ಖಾಲಿ ಬಾಟಲಿಗಳಿದ್ದವು. ಹೆಂಡತಿಯ ಕೊನೆಯ ವರ್ಷದವು, ಎಸೆಯಲು ಆಗಿರಲಿಲ್ಲ. ತೊಳೆದು ಒಂದರಲ್ಲಿ ಕೊಬ್ಬರಿ ಎಣ್ಣೆ, ಒಂದರಲ್ಲಿ ಶಾಂಪೂ, ಒಂದರಲ್ಲಿ ಮುಖಕ್ಕೆ ಹಚ್ಚುವ ಕ್ರೀಮು ತುಂಬಿದೆ. ಚೀಟಿ ಕೀಳಲಿಲ್ಲ. ಮೂರನ್ನೂ ಆರಪಾರ ಕಾಣುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕಾಯ್ದೆಯೆಂದರೆ ಹೀಗಿರಬೇಕು ಎಂದು ಎದೆ ಸೆಟೆಸಿ ನಿಂತೆ.

"ಇದೇನು?" ಎಂದ ಜವಾನ. ಈ ಸಲದವನು ಬೇರೆ.

ಎಣ್ಣೆ, ಶಾಂಪೂ, ಕ್ರೀಮು ಎಂದು ಬಿಡಿಸಿ ಹೇಳುವಷ್ಟು ಹಿಂದಿ ಆ ಗಡಿಬಿಡಿಯಲ್ಲಿ ಬಾಯಿಗೆ ಬರಲಿಲ್ಲ. ಚೀಟಿಯ ಮೇಲೆ ಬರೆದದ್ದನ್ನೇ ಹೇಳಿದೆ: "ದವಾ."

"ಮೂರು ಬಾಟಲಿ ಕೆಮ್ಮಿನ ಔಷಧಿ? ಎಲ್ಲಿ, ಸ್ವಲ್ಪ ಕುಡಿದು ತೋರಿಸಿ."

ಹಿಂದೆ ಸಾಲು ಬೆಳೆದಿತ್ತು. ಈಗ ಸುಳ್ಳೆಂದು ಒಪ್ಪಿಕೊಂಡರೆ ಕತೆ ಮುಗಿಯಿತು. ಕೊಬ್ಬರಿ ಎಣ್ಣೆಯಾದರೆ ಒಂದು ಗುಟುಕು ಕುಡಿಯಬಹುದು, ಯಾರೂ ಸಾಯುವುದಿಲ್ಲ ಎಂದು ಲೆಕ್ಕ ಹಾಕಿ, ಎಣ್ಣೆಯ ಬಾಟಲಿ ನೋಡಿಯೇ ಎತ್ತಿಕೊಂಡೆ. ನೋಡಿದ್ದು ಮಾತ್ರ ಕನ್ನಡಕ ಇಲ್ಲದ ಕಣ್ಣಿನಿಂದ. ಕನ್ನಡಕ ಮಶೀನಿನ ತಟ್ಟೆಯಲ್ಲಿತ್ತು.

ನಾಲಿಗೆಗೆ ಹತ್ತಿದೊಡನೆ ಗೊತ್ತಾಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ. "ರುಚಿ ಹೇಗಿದೆ?" ಎಂದ ಜವಾನ. ಬಾಯಿ ತೆರೆದರೆ ನೊರೆ ಬರುತ್ತಿತ್ತು. ತಲೆ ಆಡಿಸಿ ಬ್ಯಾಗು ಎತ್ತಿಕೊಂಡು ಪಾಯಖಾನೆಗೆ ಓಡಿದೆ. ಎಂಟು ಸಲ ಬಾಯಿ ಮುಕ್ಕಳಿಸಿದರೂ ವಿಮಾನ ಇಳಿಯುವವರೆಗೆ ಗುಳ್ಳೆ ಏಳುತ್ತಿದ್ದವು. ನನ್ನ ಎರಡೂ ಪಕ್ಕದ ಸೀಟು ಖಾಲಿ ಇದ್ದವು. ಯಾರ ಜೊತೆಗೂ ಮಾತಾಡುವ ಪ್ರಸಂಗ ಬರದೇ ಇದ್ದದ್ದಕ್ಕೆ ನಾನು ದೇವರಿಗೆ ಕೈಮುಗಿದದ್ದು ಅದೊಂದೇ ದಿನ.

ಏನೂ ಆಗದ ದಿನ

ಪೆಟ್ಟು ತಿಂದು ತಿಂದು ಕಲಿತೆ. ಬೆರಳುದ್ದದ ಪೇಸ್ಟು, ಸೋಪಿನ ಚೂರು, ಎಣ್ಣೆಯ ಪುಟ್ಟ ಪಾಕೀಟು. ಬ್ಯಾಗು ಒಳಗೆ ಹೋಯಿತು, ಹೊರಗೆ ಬಂತು. ಯಾರೂ ಕರೆಯಲಿಲ್ಲ. ಆ ಕಡೆಯ ಜವಾನ ನನ್ನನ್ನು ನೋಡಲೂ ಇಲ್ಲ.

ಸ್ವಲ್ಪ ಹೊತ್ತು ಅಲ್ಲೇ ನಿಂತೆ, ಏನಾದರೂ ಕೇಳಿಯಾನು ಎಂದು. "ಮುಂದೆ ಹೋಗಿ" ಎಂದು ಕೈ ಮಾಡಿದ, ಬಾಯಿ ಬಿಡಲಿಲ್ಲ. ವಿಮಾನದಲ್ಲಿ ಪಕ್ಕದವನು ಕಿವಿಗೆ ವಾಯರು ಸಿಕ್ಕಿಸಿಕೊಂಡು ನಿದ್ದೆ ಹೋದ. ಮಿಲ್ಲಿನಲ್ಲಿ ಮೂರು ದಿನ ಮಶೀನಿನ ಗದ್ದಲದೊಳಗೆ ಎಲ್ಲರದೂ ಕೈಸನ್ನೆ. ತಿರುಗಿ ಬರುವಾಗಲೂ ಬ್ಯಾಗಿನದು ಏನೂ ತಕರಾರಿಲ್ಲ. ಎಲ್ಲವೂ ಸರಿಯಾಗಿತ್ತು, ಅದೇ ತ್ರಾಸಾಯಿತು. ಅಷ್ಟು ದಿನ ನನ್ನನ್ನು ಜೀವಂತ ಮನುಷ್ಯನೆಂದು ಗುರುತಿಸುತ್ತಿದ್ದದ್ದು ಆ ತಪ್ಪು ಬಾಟಲಿಗಳೇ ಎಂದು ಆಗ ತಿಳಿಯಿತು.

ಗದಗಿನಿಂದ ರೋಣದ ಬಸ್ಸು ಹತ್ತಿ ಬಾಗಿಲ ಬಳಿ ನಿಂತಿದ್ದೆ. ಕಂಡಕ್ಟರ್ ಬಂದವನೇ, "ಒಳಗ ಸರೀರಿ, ಬಾಗಲಾ ಹಿಡಕೊಂಡ ನಿಂತೀರೆಲ್ಲ!" ಎಂದು ಗದರಿಸಿದ. ಚೆನ್ನಾಗಿಯೇ ಕೇಳಿಸಿತ್ತು. ಆದರೂ "ಏನಂದ್ರಿ?" ಎಂದು ಕೇಳಿ ಇನ್ನೊಂದು ಸಲ ಬೈಸಿಕೊಂಡೆ.

ಎಣ್ಣೆ ಮತ್ತು ಕಾಯಿ

ಮುಂದಿನ ಸಲ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಬೇಕೆಂದೇ ಅರ್ಧ ಲೀಟರಿನ ಕೊಬ್ಬರಿ ಎಣ್ಣೆ ಬಾಟಲಿ ಬ್ಯಾಗಿನಲ್ಲಿ ಇಟ್ಟುಕೊಂಡು ಹೋದೆ. ಒಬ್ಬ ಕರೆಯುತ್ತಾನೆ, ನಾಲ್ಕು ಮಾತು ಆಗುತ್ತವೆ, ಎಣ್ಣೆ ಹೋದರೆ ಹೋಗಲಿ.

ಬ್ಯಾಗು ಆ ಕಡೆ ಸರಿಯಿತು. ನನ್ನ ಎದೆ ಅರಳಿತು.

ಅವತ್ತು ಮೇಜಿನ ಬಳಿ ಇದ್ದದ್ದು ಒಬ್ಬಳು ಹುಡುಗಿ, ಕನ್ನಡದವಳೇ. "ಈ ಕರಿ ಬ್ಯಾಗು ಯಾರದು?"

"ನಂದ್ರಿ!" ಎಂದೆ ಸಾಲಿಯಲ್ಲಿ ಹಾಜರಿ ಹೇಳುವ ಹುಡುಗನಂತೆ.

"ನಂದ್ರಿ!" ಎಂದಿತು ಹಿಂದಿನಿಂದ ಇನ್ನೊಂದು ದನಿ.

ತಿರುಗಿ ನೋಡಿದರೆ ನನ್ನ ವಯಸ್ಸಿನವರೇ, ಬಿಳಿ ಪಾಯಜಾಮ. ಮೇಜಿನ ಮೇಲೆ ಒಂದೇ ತೆರನಾದ ಎರಡು ಕರಿ ಬ್ಯಾಗುಗಳಿದ್ದವು. ಒಂದರೊಳಗೆ ನನ್ನ ಎಣ್ಣೆ. ಇನ್ನೊಂದರೊಳಗೆ ಸುಲಿದ ಇಡೀ ತೆಂಗಿನಕಾಯಿ.

ಹುಡುಗಿ ಹಣೆ ಚಚ್ಚಿಕೊಂಡಳು. "ಮತ್ತ ಕಾಯಿ ತಂದ್ರೇನ್ರಿ ಕಾಕಾ? ಹ್ವಾದ ತಿಂಗಳನೂ ಹೇಳಿದ್ನೆಲ್ಲ!" ಎಂದು ಮೇಲಿನವರನ್ನು ಕರೆದಳು. ಅವರು ಇನ್ನೊಬ್ಬರನ್ನು ಕರೆದರು. ನನ್ನ ಎಣ್ಣೆಯನ್ನು ಯಾರೂ ಕೇಳುವವರಿಲ್ಲ. ಮೂರೂ ಮಂದಿ ಕಾಯಿಯ ಸುತ್ತ ನಿಂತು ಅದನ್ನು ಅಲ್ಲಾಡಿಸಿ, ಕಿವಿಗೆ ಹಿಡಿದು, ಕಾಕಾರಿಗೆ ಹತ್ತು ಪ್ರಶ್ನೆ ಕೇಳಿದರು. ಕಾಕಾ ಒಂದೊಂದಕ್ಕೂ ಸಾವಕಾಶವಾಗಿ, ಸಂತೋಷದಿಂದ ಉತ್ತರ ಕೊಟ್ಟರು. ನನಗೆ ಹೊಟ್ಟೆಕಿಚ್ಚಾಯಿತು.

ಎಣ್ಣೆ, ಕಾಯಿ ಎರಡೂ ಮೇಜಿನ ಮೇಲೆ ಉಳಿದವು. ನಾವು ಬರಿ ಬ್ಯಾಗು ಹಿಡಿದು ಒಳಗೆ ಹೋಗಿ ಪಕ್ಕಪಕ್ಕದಲ್ಲಿ ಕೂತೆವು. ಅವರು ಗಜೇಂದ್ರಗಡದವರು, ನೇಕಾರರಿಂದ ಸೀರೆ ಕೊಂಡು ಹೊರಗಿನ ಅಂಗಡಿಗಳಿಗೆ ಕೊಡುವವರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವರೊಬ್ಬರೇ.

"ಕಾಯಿ ಬಿಡೂದಿಲ್ಲ ಅಂತ ಗೊತ್ತಿರಲಿಲ್ಲೇನ್ರಿ?" ಎಂದೆ.

"ಚಲೋತ್ನ್ಯಾಗ ಗೊತ್ತೈತ್ರಿ." ಸುತ್ತ ನೋಡಿ ದನಿ ತಗ್ಗಿಸಿದರು. "ನಾನೂ ಮೊದಲ ಎಣ್ಣಿನ ತರ್ತಿದ್ನಿ. ಎಣ್ಣಿಗೆ ಒಬ್ಬನ ಬರ್ತಾನ್ರಿ, ಎರಡ ಮಾತಿನ್ಯಾಗ ಮುಗಸ್ತಾನ. ಕಾಯಿಗೆ ಮೂರ ಮಂದಿ ಬರ್ತಾರ."

ನಾನು ನಕ್ಕೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಅವರು ನೋಡಿಯೂ ನೋಡದಂತೆ ತಮ್ಮ ಮನೆಯ ಕತೆ ಶುರು ಮಾಡಿದರು. ನಾನು ನನ್ನದು ಹೇಳಿದೆ. ಅವರ ಸೀರೆಯ ವಿಚಾರ ಮುಗಿದು ನನ್ನ ಮಶೀನಿನ ವಿಚಾರ ಬಂತು, ನನ್ನ ಹೆಂಡತಿಯ ಬೈಗುಳ ಮುಗಿದು ಅವರ ಹೆಂಡತಿಯ ಬೈಗುಳ ಬಂತು. ಮೂರು ವರ್ಷದ ಮಾತು ಒಳಗೆ ಕೂತಿತ್ತು, ಕಟ್ಟೆ ಒಡೆದ ಮೇಲೆ ನಿಲ್ಲುವುದು ಹೇಗೆ? ಎದ್ದು ನೋಡಿದರೆ ಸುತ್ತಲಿನ ಕುರ್ಚಿಗಳು ಖಾಲಿ. ಇಬ್ಬರದೂ ಒಂದೇ ವಿಮಾನ, ಅದು ಹೋಗಿಯಾಗಿತ್ತು.

ಬಾಗಿಲ ಬಳಿಯ ಹುಡುಗ ಕೈ ಚೆಲ್ಲಿದ. "ನಿಮ್ಮಿಬ್ಬರ ಹೆಸರನ್ನೂ ಮೈಕಿನಲ್ಲಿ ಮೂರು ಸಲ ಕರೆದೆವು ಸರ್. ಎಲ್ಲಿದ್ದಿರಿ?"

"ಇಲ್ಲೇ, ನಿಮ್ಮ ಎದುರಿಗೇ" ಎಂದೆ. ಹೆಸರು ಹಿಡಿದು ಕರೆಯುವವರಿಲ್ಲವೆಂದು ಮೂರು ವರ್ಷ ಕೊರಗಿದವನು ನಾನು. ಮೈಕು ಹಚ್ಚಿ ಕರೆದರೂ ನನಗೆ ಕೇಳಿಸಿರಲಿಲ್ಲ.

ಕಂಪನಿಯವರು ಫೋನಿನಲ್ಲಿ ಸಹಸ್ರನಾಮ ಮಾಡಿ, ಮರುದಿನದ ವಿಮಾನಕ್ಕೆ ಬಾ ಎಂದರು. ಕಾಕಾರೂ ಮರುದಿನಕ್ಕೇ ಬದಲಿಸಿಕೊಂಡರು. ಹೊರಗೆ ಹೋಗುವಾಗ ಆ ಹುಡುಗಿ ಎಣ್ಣೆ ಬಾಟಲಿ ಮತ್ತು ಕಾಯಿಯನ್ನು ನಮ್ಮ ಕೈಗೇ ತಂದುಕೊಟ್ಟು, "ಕೈಮುಗಿತೇನ್ರಿ, ನಾಳಿ ಇವನ್ನ ತರಬ್ಯಾಡ್ರಿ" ಎಂದಳು.

ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದೆವು. ನನಗೊಂದು ಯುಕ್ತಿ ಹೊಳೆಯಿತು. "ಕಾಯಿ ಒಡದ ಅರ್ಧರ್ಧ ಮಾಡೂಣೇನ್ರಿ?" ಎಂದೆ. "ನಿಮ್ಮ ಬ್ಯಾಗಿನ್ಯಾಗೊಂದ ಹೋಳ, ನನ್ನ ಬ್ಯಾಗಿನ್ಯಾಗೊಂದ ಹೋಳ. ನಾಳಿ ಇಬ್ರನ್ನೂ ಕರೀತಾರ."

ಕಾಕಾ ಕಾಯಿಯನ್ನು ಎದೆಗೆ ಅವುಚಿಕೊಂಡು ಹೌಹಾರಿದರು.

"ಹುಚ್ಚ ಹಿಡದೈತೇನ್ರಿ ನಿಮಗ? ಒಡದ ಕಾಯಿ ಬಿಟ್ಟಬಿಡ್ತಾರ್ರಿ! ಯಾರೂ ಏನೂ ಕೇಳೂದಿಲ್ಲ!"