ಮಾವನವರ ನೀರಿನ ಬಿಂದಿಗೆ

ಗಾಡಿಯ ಅಚ್ಚು ಮುರಿಯಬಹುದಿತ್ತು. ಎತ್ತು ಕುಂಟಬಹುದಿತ್ತು. ಮಳೆ ಸುರಿದು ಹಳ್ಳ ತುಂಬಬಹುದಿತ್ತು. ಗುಡ್ಡದ ಚಿರತೆ ಇಳಿದು ಬರಬಹುದಿತ್ತು. ಅದನ್ನು ಕಂಡು ತುಂಬು ಬಸುರಿಗಿಂತ ಮೊದಲು ನಾನೇ ಮೂರ್ಛೆ ಹೋಗಬಹುದಿತ್ತು! ಹೆಂಡತಿಯನ್ನು ಚೊಚ್ಚಲ ಹೆರಿಗೆಗೆಂದು ಪಾವಗಡದಿಂದ ತವರೂರು ಮಿಡಿಗೇಶಿಗೆ ಕರೆದೊಯ್ಯುವ ದಿನ ಇಷ್ಟನ್ನೂ ನಾನು ಮುಂಚಿತವಾಗಿಯೇ ಚಿಂತಿಸಿ ಮುಗಿಸಿದ್ದೆ. ಒಂದೂ ಆಗಲಿಲ್ಲ. ಆದ ಎಡವಟ್ಟು ಬೇರೆಯೇ, ಅದೂ ಬಲು ಚಿಕ್ಕದು.

ನಮ್ಮ ಮಾವನವರಂಥ ರಾಜಭಕ್ತರು ಅರಮನೆಯೊಳಗೂ ಇದ್ದಿರಲಾರರು. ಅವರ ಗಂಟಲಲ್ಲಿ ಇಂಗ್ಲಿಷರ ಸೀಮೆಯ ನೀರು ಒಂದು ತೊಟ್ಟೂ ಇಳಿದಿರಲಿಲ್ಲ. ಅದರಲ್ಲೇನು ಹೆಚ್ಚುಗಾರಿಕೆ ಅಂತೀರಾ? ನಮ್ಮ ಪಾವಗಡವೂ ಮೈಸೂರು ಸಂಸ್ಥಾನದ್ದೇ, ಅವರ ಮಿಡಿಗೇಶಿಯೂ ಮೈಸೂರಿನದೇ; ನಡುವೆ ಮಾತ್ರ ಮದ್ರಾಸು ಪ್ರಾಂತ್ಯದ ನೆಲ ಅಡ್ಡ ಮಲಗಿದೆ! ಮಗಳ ಮನೆಗೆ ಬರಬೇಕಾದರೆ ಅದನ್ನು ದಾಟಲೇಬೇಕು. ಮಾವನವರು ಹಿತ್ತಾಳೆ ಬಿಂದಿಗೆಯಲ್ಲಿ ಊರ ನೀರು ತುಂಬಿಕೊಂಡು ಹೊರಟು ದಾರಿಯುದ್ದಕ್ಕೂ ಅದನ್ನೇ ಕುಡಿಯುವರು. ಎತ್ತುಗಳು ಆ ಕಡೆಯ ಕುಂಟೆಯ ನೀರಿಗೆ ಬಾಯಿಟ್ಟರೆ, "ಮೂಕಪ್ರಾಣಿ, ಅವಕ್ಕೇನ್ ಗೊತ್ತು ರಾಜಕೀಯ" ಎಂದು ಕ್ಷಮಿಸುವರು.

ಊಟಕ್ಕೆ ಕೂತರಂತೂ ಭೂಗೋಳವೇ. ಮುದ್ದೆ ಮಧುಗಿರಿ ಬೆಟ್ಟ, ಹುರುಳಿಕಾಳಿನ ಪಲ್ಯ ಶಿರಾ, ತುದಿಯ ಉಪ್ಪಿನಕಾಯಿ ಕೊರಟಗೆರೆ. ಒಮ್ಮೆ ತಮ್ಮ ತಟ್ಟೆಯ ತುತ್ತೊಂದನ್ನು ಮುರಿದು ನನ್ನ ತಟ್ಟೆಯಲ್ಲಿಟ್ಟು, "ಇದು ಪಾವಗಡ. ನಮ್ಮ ತುತ್ತು, ಇಂಗ್ಲಿಷರ ತಟ್ಟೆ. ತಿಳೀತಾ?" ಎಂದರು. ನನಗೆ ತಿಳಿಯಲಿಲ್ಲ. ಹಿರಿಯರು ಪ್ರೀತಿಯಿಂದ ಬಡಿಸಿದ್ದೆಂದು ತಿಂದುಬಿಟ್ಟೆ.

"ಅಯ್ಯೋ ಸಿವನೇ! ಒಂದು ತಾಲ್ಲೂಕನ್ನೇ ನುಂಗ್ಬುಟ್ರಲ್ಲಾ ಅಳಿಯಂದ್ರೇ!"

ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾಗಿದ್ದ ಅವರು ದಸರೆಗೆ ಜರಿ ರುಮಾಲು ಸುತ್ತಿ ಮೈಸೂರಿಗೆ ಹೋಗುತ್ತಿದ್ದರು. ಕೇಳುತ್ತಿದ್ದುದು ಒಂದೇ: ಇಂಗ್ಲಿಷರ ನೆಲ ತುಳಿಯದೆ ಪಾವಗಡಕ್ಕೆ ಹೋಗುವ ರಸ್ತೆ! ಅಧಿಕಾರಿಯೊಬ್ಬರು "ಭೂಪಟ ನೋಡಿದ್ದೀರಾ?" ಎಂದು ಕೇಳಿದಾಗ, "ಭೂಪಟ ಬರೆದೋನು ನನ್ನ ಬೀಗರ ಮನೆಗೆ ಬಂದಿದ್ನಾ?" ಎಂದರಂತೆ.

ಆ ವರ್ಷ ರಸ್ತೆ ಕೇಳಲು ಹೋದವರು ಮಗಳನ್ನು ಕರೆದೊಯ್ಯಲು ಬಂದದ್ದೇ ತಡವಾಯಿತು. ಸಭೆಯ ರುಮಾಲನ್ನೂ ಬಿಚ್ಚದೆ ಬಂದು, ನಮ್ಮ ಬಾವಿಯಲ್ಲಿ ಬಿಂದಿಗೆ ತುಂಬಿಕೊಂಡು, ತಾವೇ ಕಮಾನು ಗಾಡಿ ಹೂಡಿದರು. "ಕೂಸು ನಮ್ಮ ಮಹಾರಾಜ್ರ ನೆಲದಾಗೇ ಕಣ್ ಬಿಡ್ಬೇಕು. ಮೈಸೂರಿನ ಜನಸಂಖ್ಯೆ ಒಂದು ತಲೆ ಕಮ್ಮಿ ಆಗಕೂಡ್ದು" ಎಂದು ನನಗೆ ಎಚ್ಚರಿಕೆ ಬೇರೆ. ನಾನೇನು ಮಾಡಲಿ? ಗಾಡಿಯ ಹಿಂದೆ ನಡೆಯುತ್ತ ಅಚ್ಚನ್ನೇ ದಿಟ್ಟಿಸುತ್ತಿದ್ದೆ.

ಮದ್ರಾಸು ನೆಲ ಮುಗಿಯುವ ಗಡಿ ಇನ್ನು ಕೂಗಳತೆ ಎನ್ನುವಾಗ ಒಳಗಿನಿಂದ ನರಳಾಟ. "ಅಪ್ಪಾ, ಗಾಡಿ ನಿಲ್ಸು."

"ವಸಿ ತಡ್ಕೊಳವ್ವಾ! ಅಗಾ, ನಮ್ಮ ಬೆಟ್ಟ ಕಾಣ್ತಾ ಐತೆ. ಗಡಿ ದಾಟ್ಬುಟ್ರೆ ಮಹಾರಾಜ್ರ ನೆಲ!"

"ಮಹಾರಾಜ್ರು ಬಂದು ಹೆರ್ತಾರಾ? ನಿಲ್ಸು ಅಂದ್ನಲ್ಲ!"

ಮಾವನವರು ಬೆಟ್ಟವನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. ಹಗ್ಗ ಎಳೆದರು. ಪಕ್ಕದ ಗುಡಿಸಲಿನಿಂದ ಮುದುಕಿಯೊಬ್ಬಳು ಓಡಿಬಂದು, "ರಾ ತಲ್ಲೀ, ರಾ" ಎಂದು ತೆಲುಗಿನಲ್ಲಿ ಕರೆಯುತ್ತ ನನ್ನವಳನ್ನು ಒಳಕ್ಕೆ ನಡೆಸಿಕೊಂಡು ಹೋದಳು. ನಮ್ಮಿಬ್ಬರನ್ನು ಹೊರಗೇ ತಡೆದಳು. ಬಿಂದಿಗೆಯ ನೀರೆಲ್ಲ ಒಲೆಯ ಮೇಲೇರಿತು. ನಾನು ಹೊಸದಾಗಿ ಚಿಂತಿಸತೊಡಗಿದೆ. ಮಾವನವರು ಗಡಿಯತ್ತ ಬೆನ್ನು ಹಾಕಿ ಬಾಗಿಲನ್ನೇ ನೋಡುತ್ತ ನಿಂತರು.

ಅಳು ಕೇಳಿಸಿತು. "ಆಡಬಿಡ್ಡ! ಹೆಣ್ಮಗು ಕಣಯ್ಯಾ, ಇಬ್ರೂ ಚೆಂದಾಗವ್ರೆ" ಎಂದಳು ಮುದುಕಿ. "ತಾಯಿಗೆ ಕುಡಿಯಾಕೆ ನೀಳ್ಳು ತಗೊಂಬನ್ನಿ."

ಮಾವನವರು ಖಾಲಿ ಬಿಂದಿಗೆಯನ್ನು ಎತ್ತಿಕೊಂಡು ಅವಳ ಬಾವಿಗೆ ಹೋದರು. ತಾವೇ ಸೇದಿದರು. ಮಗಳಿಗೆ ಕೊಡುವ ಮೊದಲು ಹೇಗಿದೆಯೋ ನೋಡಬೇಕಲ್ಲ! ಬೊಗಸೆ ಹಿಡಿದು ಕುಡಿದರು. ಮತ್ತೊಂದು ಬೊಗಸೆ ಕುಡಿದರು.

"ಹೆಂಗಿದೆ ಮಾವಯ್ಯ, ಇಂಗ್ಲಿಷರ ನೀರು?" ಎಂದೆ, ಧೈರ್ಯ ಮಾಡಿ.

"ಯಾವ ಇಂಗ್ಲಿಷರು?" ಎಂದರು ಮೀಸೆ ಒರೆಸಿಕೊಳ್ಳುತ್ತ. ಕಣ್ಣನ್ನೂ ಒರೆಸಿಕೊಂಡರು. "ನನ್ನ ಮೊಮ್ಮಗಳು ಹುಟ್ಟಿದೂರು ಕಣಪ್ಪಾ ಇದು."

ಎಡವಟ್ಟು ಅಷ್ಟೇ. ಮೊಳದುದ್ದವೂ ಇರಲಿಲ್ಲ. ಸಂಜೆ ಅದು ಮೈಸೂರಿನ ಜರಿ ರುಮಾಲಿನೊಳಗೆ ಬೆಚ್ಚಗೆ ನಿದ್ದೆ ಹೋಗಿತ್ತು. ಮಾವನವರು ಬರಿದಲೆಯಲ್ಲಿ ಅದರ ಮೇಲೆ ಕೂರುವ ನೊಣ ಓಡಿಸುತ್ತ ಕೂತಿದ್ದರು.