ರಾಮೆನ್ ಬಟ್ಟಲಿನಿಂದ ಉಗ್ರಾಣಕ್ಕೆ

ಇಂದ:
ಕಿರಿಯ ನಕ್ಷೆಗಾರ್ತಿ,
ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು.

ಗೆ:
ಮಾನ್ಯ ವ್ಯವಸ್ಥಾಪಕರು,
(ಜಪಾನಿನಲ್ಲಿ ಆರು ದಿನ ತರಬೇತಿ ಪಡೆದವರು)
ನಕ್ಷೆ ಕಚೇರಿ.

ವಿಷಯ: ನನ್ನನ್ನೂ ಉಗ್ರಾಣಕ್ಕೆ ವರ್ಗಾಯಿಸುವ ಬಗ್ಗೆ.

ಉಲ್ಲೇಖ: 1) ಕಳೆದ ಗುರುವಾರದ ರಾಮೆನ್ ಊಟ. 2) ಶುಕ್ರವಾರ ಹಿರಿಯ ನಕ್ಷೆಗಾರರ ಮೇಜಿನ ಮೇಲೆ ಬಿದ್ದ ತಮ್ಮ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅಮೂಲ್ಯ ಗಮನಕ್ಕೆ ತರುವುದೇನೆಂದರೆ:

1. ಗುರುವಾರ ಮಧ್ಯಾಹ್ನ ತಾವು ನಮ್ಮ ಏಳು ಜನರನ್ನು ಎದುರು ರಸ್ತೆಯ ಜಪಾನಿ ನೂಡಲ್ ಅಂಗಡಿಗೆ ಕರೆದೊಯ್ದಿರಿ. ಕೌಂಟರಿನಾಚೆ ಅಡುಗೆಯವರು, ಈಚೆ ಹನ್ನೊಂದು ಸ್ಟೂಲು. ಹಾಲಿನಂಥ ಸಾರು, ಅದರೊಳಗೆ ನೂಡಲ್, ಮೇಲೆ ಸೀಳಿದ ಮೊಟ್ಟೆ, ಬಾಯಲ್ಲಿ ನೀರೂರಿತು. ಆದರೆ ಮೊದಲು ತಮ್ಮ ಭಾಷಣ ಕೇಳಬೇಕಿತ್ತು. ಅದು ಮುಗಿಯುವಷ್ಟರಲ್ಲಿ ನೂಡಲ್ ಉಬ್ಬಿ ಅರ್ಧ ಸಾರು ಕುಡಿದಿತ್ತು. ರಾಮೆನ್ ಬಿಸಿ ಇರುವಾಗಲೇ ತಿನ್ನಬೇಕು ಎಂಬುದು ಭಾಷಣದ ಸಾರಾಂಶ.

2. "ಯಾರೂ ಫೋರ್ಕ್ ಕೇಳಂಗಿಲ್ಲ. ಕಡ್ಡೀಲೇ ತಿನ್ಬೇಕು. ಸೊರ್ ಅಂತ ಎಳೀರಿ, ಜಪಾನಲ್ಲಿ ಅದೇ ಮರ್ಯಾದೆ" ಎಂದು ಅಪ್ಪಣೆಯಾಯಿತು. ತಾವು ಎಳೆದ ಸದ್ದಿಗೆ ಪಕ್ಕದಲ್ಲಿದ್ದ ಅಪರಿಚಿತರು ಬಟ್ಟಲು ಎತ್ತಿಕೊಂಡು ಬೇರೆ ಸ್ಟೂಲಿಗೆ ಹೋದರು.

3. ನಾವು ಗೆರೆಮಾವ ಎಂದು ಕರೆಯುವ ಹಿರಿಯ ನಕ್ಷೆಗಾರರು, ನಿವೃತ್ತಿಗೆ ಎಂಟು ತಿಂಗಳಿರುವವರು, ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತಿದ್ದರು. ತಾವು ಬಿಡಲಿಲ್ಲ. "ಏನ್ರೀ, ಮೂವತ್ತು ವರ್ಷ ಪೆನ್ನು ಹಿಡಿದ ಕೈ, ಎರಡು ಕಡ್ಡಿ ಹಿಡಿಯೋಕಾಗಲ್ವಾ?" ಎಂದಿರಿ. ಅವರು ಹಿಡಿದರು. ಕಡ್ಡಿಗಳು ಟಕಟಕ ಬಡಿದುಕೊಂಡವು. ಮೊಟ್ಟೆ ಜಾರಿತು, ಸಾರು ತಮ್ಮ ಅಂಗಿಗೆ ಹಾರಿತು. ಎರಡು ವರ್ಷದಿಂದ ಅವರು ಮುಚ್ಚಿಟ್ಟಿದ್ದ ನಡುಕ ಏಳು ಜನರ ಮುಂದೆ ಬಯಲಾಯಿತು.

4. ಅಡುಗೆಯವರು ಫೋರ್ಕ್ ತಂದಿಟ್ಟರು. ಇದು ಸಂಪ್ರದಾಯಕ್ಕೆ ಅವಮಾನ ಎಂದು ತಾವು ಅವರಿಗೇ ಪಾಠ ಹೇಳಿದಿರಿ. "ಸ್ವಾಮಿ, ನನಗೆ ಈ ಸಾರು ಕಲಿಸಿದ ಗುರುಗಳು ಜಪಾನಿನವರೇ. ವಯಸ್ಸಾದ ಮೇಲೆ ಅವರೂ ಫೋರ್ಕಲ್ಲೇ ತಿಂತಿದ್ರು" ಎಂದ ಅವರು, ಗೆರೆಮಾವನ ಕಡೆ ತಿರುಗಿ, "ನೀವು ತಿನ್ನಿ ಯಜಮಾನ್ರೇ, ಆರಿಹೋಗುತ್ತೆ" ಎಂದರು. ಗೆರೆಮಾವ ತಿನ್ನಲಿಲ್ಲ.

5. ಮಾರನೇ ಬೆಳಿಗ್ಗೆ ತಮ್ಮ ಆದೇಶ: ಕೈ ನಡುಗುವ ಕಾರಣ ನಕ್ಷೆ ಕೆಲಸಕ್ಕೆ ಅನರ್ಹ, ನೆಲಮಹಡಿಯ ಉಗ್ರಾಣದಲ್ಲಿ ಹಳೆಯ ಕಡತ ಕಾಯತಕ್ಕದ್ದು. ಗೆರೆಮಾವ ಎರಡು ಸಲ ಓದಿ, "ಕಾಗುಣಿತ ತಪ್ಪಿದೆ ಮಗಳೇ" ಎಂದಷ್ಟೇ ಹೇಳಿ ಕನ್ನಡಕ ಒರೆಸಿಕೊಂಡರು.

6. ಈಗ ನನ್ನ ತಪ್ಪೊಪ್ಪಿಗೆ. ಎರಡು ವರ್ಷದಿಂದ ಅವರ ಹೆಸರಿನಲ್ಲಿ ಹೋದ ಪ್ರತಿ ನಕ್ಷೆಯ ಗೆರೆ ಎಳೆದ ಕೈ ನನ್ನದು. ಕಣ್ಣು ಅವರದು. "ಇಲ್ಲಿ ನೀರು ದಿಬ್ಬ ಏರೋದಿಲ್ಲ ಕಣಮ್ಮ, ಸರ್ವೆಯವರು ಮನೇಲಿ ಕೂತು ಬರೆದಿದ್ದಾರೆ" ಎನ್ನುತ್ತಾರೆ. ಹೋಗಿ ಅಳೆದರೆ ಅವರು ಹೇಳಿದ ಹಾಗೇ ಇರುತ್ತದೆ. ತಾವು ಚೌಕಟ್ಟು ಹಾಕಿಸಿ, ಬಂದವರಿಗೆಲ್ಲ "ನನ್ನ ಮಾರ್ಗದರ್ಶನ" ಎಂದು ತೋರಿಸುವ ನದಿತೀರದ ನಕ್ಷೆಯೂ ಹಾಗೆ ಆದದ್ದೇ. ಆ ನದಿ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಯಾರಾದರೂ ಕೇಳಿದರೆ ತಾವು ಫೋನ್ ಬಂದವರಂತೆ ಎದ್ದು ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ.

7. ಈ ಅರ್ಜಿಯ ಕರಡನ್ನು ಗೆರೆಮಾವನಿಗೆ ತೋರಿಸಿದೆ. "ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೋತೀಯಾ? ಹರಿದು ಹಾಕು" ಎಂದು ಬೈದರು. ಹರಿಯಲಿಲ್ಲ. ಶನಿವಾರ ನಾವಿಬ್ಬರೇ ಆ ಅಂಗಡಿಗೆ ಹೋದೆವು. ಭಾಷಣವಿಲ್ಲದ ಕಾರಣ ರಾಮೆನ್ ಬಿಸಿಯಾಗಿತ್ತು. ಅವರು ಫೋರ್ಕಿಗೆ ಸುತ್ತಿ ಸುತ್ತಿ ತಿಂದರು. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಸಾರು ಕುಡಿದರು. ಒಂದಿಷ್ಟು ಚೆಲ್ಲಿತು. ಅಡುಗೆಯವರು ಇನ್ನೊಂದು ಸೌಟು ಹಾಕಿದರು.

ಆದ್ದರಿಂದ, ಆ ಕಣ್ಣನ್ನು ತಾವು ಉಗ್ರಾಣಕ್ಕೆ ಹಾಕಿರುವ ಕಾರಣ, ಈ ಕೈಗೆ ಎರಡನೇ ಮಹಡಿಯಲ್ಲಿ ಕೆಲಸವಿಲ್ಲದ ಕಾರಣ, ನನ್ನನ್ನೂ ನನ್ನ ಮೇಜನ್ನೂ ಕೆಳಗೆ ಕಳುಹಿಸಿಕೊಡಬೇಕಾಗಿ ಕೋರುತ್ತೇನೆ.

ಇಂತಿ ಇನ್ನೂ ತಮ್ಮ ವಿಶ್ವಾಸಿ,
ಕಿರಿಯ ನಕ್ಷೆಗಾರ್ತಿ

ಲಗತ್ತುಗಳು:
1. ತಮ್ಮ ಆದೇಶದ ಪ್ರತಿ, ಎಂಟು ಕಡೆ ತಿದ್ದಿದ್ದು.
2. ಎರಡು ವರ್ಷದ ಕರಡು ನಕ್ಷೆಗಳು, ಅಂಚಿನಲ್ಲಿ ಗೆರೆಮಾವನ ನಡುಗು ಅಕ್ಷರದ ಟಿಪ್ಪಣಿ ಸಹಿತ. (ಒಂದು ಪ್ರತಿ ತಮ್ಮ ಮೇಲಧಿಕಾರಿಗಳಿಗೆ ತಲುಪಿದೆ.)

ವಿ.ಸೂ.: ಉಗ್ರಾಣದ ಬಲ್ಬು ಸುಟ್ಟುಹೋಗಿದೆ. ಹೊಸ ಬಡಾವಣೆಯ ನಕ್ಷೆಯನ್ನು ನಾವಿಬ್ಬರೂ ಅಲ್ಲೇ ಮುಗಿಸಿ ಹದಿನಾಲ್ಕನೇ ತಾರೀಖಿಗೆ ಕೊಡಬೇಕಿದೆ. ಕಾರಣ, ಒಂದು ಬಲ್ಬು ಮಂಜೂರು ಮಾಡಬೇಕಾಗಿ ವಿನಂತಿ.