ಹೆಸರಿಡಲು ಎಷ್ಟು ಮದ್ದು ಬೇಕು?

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ತುಕ್ಕಾನಟ್ಟಿಯ ಮನೆಮನೆಗೂ ಹೇಳಿಯಾಯಿತು. ಎತ್ತುಗಳಿಗೂ ಹೇಳಿದೆ. ಒಂದು ತಲೆಯಾಡಿಸಿತು, ಇನ್ನೊಂದಕ್ಕೆ ಮತ್ತೊಮ್ಮೆ ಹೇಳಬೇಕಾಯಿತು. ಕೂಸಿನ ಮೂಗು ಥೇಟ್ ನಮ್ಮವ್ವ ನೀಲವ್ವನದು. ಹಾಗಾಗಿ ಹೆಸರೂ ನೀಲವ್ವ ಎಂದು ನಾನೇ ತೀರ್ಮಾನಿಸಿಬಿಟ್ಟೆ.

ಆದರೆ ದಡ್ಡಿ ಊರಿನ ಬೀಗತಿ, ಅಂದರೆ ನನ್ನ ಮಗಳ ಅತ್ತೆ, ತಮ್ಮ ತಾಯಿ ಮಲ್ಲವ್ವನ ಹೆಸರೇ ಆಗಬೇಕೆಂದು ಹೇಳಿಕಳಿಸಿದರು. ಇಂಥ ಹಗ್ಗಜಗ್ಗಾಟಕ್ಕೆ ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ತೊಟ್ಟಿಲ ದಿನ ಬೇವಿನ ಮರಕ್ಕೆ ತೆಂಗಿನಕಾಯಿ ತೂಗುಹಾಕಿ, ತವರಿನ ಹಿರಿಯ ಒಂದೇ ಒಂದು ಗುಂಡು ಹೊಡೆಯಬೇಕು. ಕಾಯಿ ಒಡೆದರೆ ಹೆಸರು ನಮ್ಮದು. ಉಳಿದರೆ ಬೀಗರದು.

ನನಗೇನು ಚಿಂತೆ? ಅಪ್ಪನ ಕಾಲದ ಬಂದೂಕು ಗೂಟಕ್ಕೆ ನೇತಾಡುತ್ತಿತ್ತು. ನಳಿಗೆಯೊಳಗೆ ಮದ್ದು ಸುರಿದು, ಗುಂಡು ಇಟ್ಟು, ಗಜವೆಂಬ ಉದ್ದ ಸಲಾಕೆಯಿಂದ ಜಡಿಯುವಂಥದು. ನಳಿಗೆಯ ಬಾಯಿ ಎಷ್ಟು ದೊಡ್ಡದೆಂದರೆ ಇಲಿ ಅದರಲ್ಲಿ ಸಂಸಾರ ಹೂಡಬಹುದು! ಕಬ್ಬಿಗೆ ಬರುವ ಹಂದಿಗಳನ್ನು ಬೆದರಿಸಲು ಬರೀ ಮದ್ದು ಸುಟ್ಟು ಸದ್ದು ಮಾಡಿದ್ದೆನೇ ಹೊರತು, ಗುಂಡು ಹಾಕಿ ಗುರಿ ಹಿಡಿದವನಲ್ಲ. ಅದೇನು ಮಹಾ! ಮದ್ದು ಹೆಚ್ಚಾದಷ್ಟೂ ಗುಂಡು ನೆಟ್ಟಗೆ ಹೋಗುತ್ತದೆ ಎಂಬುದು ನನ್ನ ಘನ ಸಿದ್ಧಾಂತ.

ಹೊಲದ ಒಡ್ಡಿಗೆ ಹಳೆಯ ಮೊರ ಒರಗಿಸಿ, ನಡುವೆ ಸುಣ್ಣದ ಬೊಟ್ಟಿಟ್ಟೆ. ಮುಷ್ಟಿ ತುಂಬ ಮದ್ದು ಸುರಿದೆ. ಢಂ! ಗುಂಡು ಆಕಾಶ ಸೇರಿತು. ನಾನು ತಿಪ್ಪೆ ಸೇರಿದೆ.

ಬಾಜೂ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಸಿದ್ದಪ್ಪ ಓಡಿಬಂದ.

"ಕಾಕಾ, ಎತ್ಲಾಗ ಗುರಿ ಹಿಡದಿದ್ರಿ?"

"ಆ ಮೊರಕ್ಕೋ!"

"ಹಂಗಾರ ಕುರಿ ಕರಕೊಂಡು ನಾ ಮೊರದ ಬಾಜೂಕ ಕುಂದರತೇನ್ರಿ. ಊರಾಗ ಅದರಷ್ಟು ಸುಕ್ಷೇಮ ಜಾಗಾ ಇನ್ನೊಂದಿಲ್ಲ!"

ಅವಮಾನದಿಂದ ಈ ಸಲ ಚಿಟಿಕೆ ಮದ್ದು ಹಾಕಿದೆ. ಗುಂಡು ನಳಿಗೆಯಿಂದ ಇಣುಕಿ ನೋಡಿ, ಕೋಳಿ ಮೊಟ್ಟೆಯಿಟ್ಟಂತೆ ನನ್ನ ಕಾಲ ಬಳಿ ಬಿತ್ತು.

ಒಂದು ಅಳತೆ ಬೇಕೆಂದು ಆಗ ಹೊಳೆಯಿತು. ನನ್ನ ಮಗಳು ಕೂಸಾಗಿದ್ದಾಗ ಹಾಲು ಹಾಕುತ್ತಿದ್ದ ಹಳೆಯ ಹಿತ್ತಾಳೆಯ ಒಳ್ಳೆ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲು, ಅಟ್ಟದ ಮೇಲಿತ್ತು. ಅದನ್ನಿಳಿಸಿದೆ. ಗುಂಡಿಗೆ ಸುತ್ತಲು ಮೆತ್ತನೆಯ ಅರಿವೆ ಬೇಕು, ಅದಕ್ಕೆ ಜಿಡ್ಡೂ ಬೇಕು. ಎರಡೂ ಬಾಣಂತಿಯ ಕೋಣೆಯಲ್ಲೇ ಸಿಕ್ಕವು. ಹೆಂಡತಿ ಕಾಶವ್ವನೂ ಅಲ್ಲೇ ಸಿಕ್ಕಳು.

"ಕೂಸಿನ ಬಟ್ಟಿ ಹರದು, ಬಾಣಂತಿ ಬೆಣ್ಣಿ ಹಚ್ಚಿ, ಯಾರನ್ನ ಜ್ವಾಪಾನ ಮಾಡಾಕತ್ತೀರಿ?"

"ಗುಂಡನ್ನ!"

"ಹಡದಾಕಿ ನನ್ನ ಮಗಳು, ಬಾಣಂತನ ಬಂದೂಕಿಗೇನು?"

ಬೈಸಿಕೊಂಡೇ ಸಾಧಿಸಿದೆ. ಒಳ್ಳೆಯಲ್ಲಿ ಕಾಲು ಭಾಗ ಮದ್ದು ಅಳೆದು ಹಾಕಿದೆ, ಅರ್ಧ ಹಾಕಿದೆ, ಸ್ವಲ್ಪಸ್ವಲ್ಪವೇ ಏರಿಸಿದೆ. ಪ್ರತಿ ಸಲವೂ ನಳಿಗೆ ಒರೆಸಿದೆ. ಕೊನೆಗೆ ಒಳ್ಳೆ ತುಂಬಿ, ಬೆರಳಿನಿಂದ ಅಂಚಿಗೆ ಸಮನಾಗಿ ಸವರಿದಾಗ, ಹೊಡೆದ ಗುಂಡುಗಳೆಲ್ಲ ಸುಣ್ಣದ ಬೊಟ್ಟಿನೊಳಗೇ ಒಂದರ ಮಗ್ಗುಲಲ್ಲಿ ಒಂದು ಕೂತವು! ಮೊರದ ಬಾಜೂ ಕೂತಿದ್ದ ಸಿದ್ದಪ್ಪ ಕುರಿಗಳೊಂದಿಗೆ ದೂರದ ಹೊಲಕ್ಕೆ ಓಡಿಹೋದ. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ.

ತೊಟ್ಟಿಲ ದಿನ ದಡ್ಡಿಯಿಂದ ಚಕ್ಕಡಿಗಳು ಬಂದವು. ಅಂಗಳ ತುಂಬಿತು. ನಾನು ಗಂಭೀರವಾಗಿ ಒಳ್ಳೆಗೆ ಮದ್ದು ತುಂಬಿ, ಸವರಲು ಬೆರಳೆತ್ತಿದೆ. ಬೆರಳು ಅಲ್ಲೇ ನಿಂತಿತು. ಶುಭದಿನ! ರಾಶಿಯ ಕಣದಲ್ಲಿ ಮೊದಲ ಅಳತೆಯನ್ನು ಯಾವ ಒಕ್ಕಲಿಗನಾದರೂ ಸವರುತ್ತಾನೆಯೇ? ಶಿಖರವೆಬ್ಬಿಸಿ "ಹುಲುಸು" ಅನ್ನುತ್ತೇವೆ. ಜೋಳಕ್ಕೇ ಅಷ್ಟು ಧಾರಾಳವೆಂದರೆ ಮೊಮ್ಮಗಳ ಹೆಸರಿಗೆ ಜಿಪುಣತನವೇ?

"ಹುಲುಸೋ ಹುಲುಸು!" ಎಂದು ಶಿಖರವೆಬ್ಬಿಸಿ ಸುರಿದೆ. ಬೀಗರ ಮರ್ಯಾದೆಗೆಂದು ಇನ್ನಷ್ಟು ಸುರಿದೆ.

ಢಢಂ!

ಹೊಗೆ ಕರಗಿದಾಗ ನಾನು ಬೀಗರ ತೊಡೆಯ ಮೇಲೆ ಮಲಗಿದ್ದೆ. ರುಮಾಲು ಬೇಲಿಯ ಮೇಲಿತ್ತು. ಗುಂಡಿಗೆ ಸಿಕ್ಕ ಬೇವಿನ ತುದಿಕೊಂಬೆ ನಿಧಾನವಾಗಿ ಇಳಿದುಬರುತ್ತಿತ್ತು. ಕಾಯಿ ಮಾತ್ರ ಆರಾಮವಾಗಿ ತೂಗುತ್ತಿತ್ತು.

ಬೀಗತಿ ಅದನ್ನು ಬಿಚ್ಚಿ, ಕಿವಿಯ ಬಳಿ ಅಲ್ಲಾಡಿಸಿ ನೋಡಿದರು. "ಕಾಯಿ ಚಲೋ ಐತ್ರಿ ಬೀಗರ. ಸಾರಿಗೆ ಹಾಕೂಣೇನು?"

ಕೂಸಿನ ಕಿವಿಯಲ್ಲಿ ಸೋದರತ್ತೆ "ಮಲ್ಲವ್ವ" ಎಂದಳು. ಕೂಸು ನಕ್ಕಿತು! ಅಷ್ಟು ಬೇಗ ಪಕ್ಷ ಬದಲಿಸಿದವರನ್ನು ನಾನು ಕಂಡಿಲ್ಲ. ಅರೆಗಳಿಗೆ ಮುಖ ಊದಿಸಿಕೊಂಡು ಕೂತೆ. ಆಮೇಲೆ ಮಲ್ಲವ್ವ ನನ್ನ ಮೀಸೆ ಹಿಡಿದಳು. ನನ್ನದೂ ಪಕ್ಷ ಬದಲಾಯಿತು.

ಸಂಜೆ ಎರಡೂ ಮನೆಯವರು ಸಾಲಾಗಿ ಊಟಕ್ಕೆ ಕೂತೆವು. ನನ್ನ ಬಲಭುಜ ಕುಂಬಳಕಾಯಿಯಾಗಿತ್ತು. ಕೈ ಬಾಯಿಯವರೆಗೆ ಏರಲೊಲ್ಲದು. ಕಾಶವ್ವ ಪಕ್ಕದಲ್ಲಿ ಕೂತು, ಹೋಳಿಗೆ ಮುರಿದು ಹಾಲಲ್ಲಿ ಕಲಸಿ ತುತ್ತು ಕೊಡತೊಡಗಿದಳು. ಬೀಗತಿ ಇತ್ತ ನೋಡಿದರು.

"ಕಾಶವ್ವಾ, ಈ ಕೂಸಿನ ತೊಟ್ಟಿಲಾ ಯಾವಾಗ್ರಿ?"

ಪಂಕ್ತಿಯೆಲ್ಲ ಬಿದ್ದುಬಿದ್ದು ನಕ್ಕಿತು. ತಕ್ಕ ಉತ್ತರ ಕೊಡಲು ಬಾಯಿ ತೆರೆದೆ. ಕಾಶವ್ವ ಇನ್ನೊಂದು ತುತ್ತು ತುರುಕಿ, ಸೆರಗಿನಿಂದ ನನ್ನ ಗಲ್ಲ ಒರೆಸಿದಳು!